ಕ್ರಿಮಿಸಂಹಾರಿ ಯಮನೂರಪ್ಪನವರೂ ಒಂದು ಗಡಿಗೆ ಮೊಸರೂ

ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅದೇ ವರ್ಷ ಗಿಣಿಗೇರಾದ ಯಮನೂರಪ್ಪನವರು ಸೂಕ್ಷ್ಮದರ್ಶಕದೊಳಗೆ ಇಣುಕಿದರು. ಈ ಎರಡರಲ್ಲಿ ಯಾವುದು ದೊಡ್ಡ ಘಟನೆ ಎಂದು ಅವರನ್ನು ಕೇಳಿದ್ದರೆ, ಜಿಲ್ಲೆಯ ಮಾತು ಆಮೇಲೆ ನೋಡೋಣ ಎನ್ನುತ್ತಿದ್ದರು.

ಸರಕಾರಿ ದವಾಖಾನೆಯೊಂದರಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವುದು ಅವರ ನೌಕರಿ. ತರಬೇತಿಗೆ ಹೋದಲ್ಲಿ ಯಾರೋ ಗಟಾರದ ನೀರಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟು ತೋರಿಸಿದರು. ಯಮನೂರಪ್ಪನವರು ಒಂದು ಕಣ್ಣು ಮುಚ್ಚಿ ನೋಡಿದರು. ಹನಿಯೊಳಗೆ ಸಂತೆ ನೆರೆದಿತ್ತು! ಓಡುವವು, ತೆವಳುವವು, ಒಂದನ್ನೊಂದು ನೂಕುವವು. ಹಿಂದೆ ನಿಂತವರು "ಸರೀರಿ, ನಾವೂ ನೋಡತೀವಿ" ಎಂದು ಭುಜ ಹಿಡಿದು ಜಗ್ಗಿದರೂ ಕದಲಲಿಲ್ಲ. ಅಂದು ಮನೆಗೆ ಬಂದವರು ಉಣ್ಣುವ ಮೊದಲು ತಾಟು ತೊಳೆದರು, ತಂಬಿಗೆ ತೊಳೆದರು, ನಳ ತೊಳೆದರು, ಕೊನೆಗೆ ಸಾಬೂನನ್ನೇ ತೊಳೆದರು.

ನೌಕರಿ ಇರುವವರೆಗೆ ಯುದ್ಧ ಮುಂಜಾನೆ ಸಂಜೆ ಮಾತ್ರ ನಡೆಯುತ್ತಿತ್ತು. 2011ರಲ್ಲಿ ನಿವೃತ್ತಿಯಾಯಿತು ನೋಡಿ, ಸೇನಾಪತಿ ಪೂರ್ಣಾವಧಿಗೆ ರಣರಂಗಕ್ಕಿಳಿದರು. ಸೂರ್ಯೋದಯಕ್ಕೆ ಫಿನಾಯಿಲು, ನಡು ಮಧ್ಯಾಹ್ನಕ್ಕೆ ಬ್ಲೀಚಿಂಗ್ ಪೌಡರ್, ಸಂಜೆಗೆ ಬೇವಿನ ಹೊಗೆ. ಕಸಬರಿಗೆಗೂ ದಿನಾ ಸ್ನಾನ. ಹೊಸ್ತಿಲ ಹೊರಗೆ ಒಂದು ಬೋಗುಣಿ ಔಷಧದ ನೀರು. ಬಂದವರು ಅದರಲ್ಲಿ ಕಾಲು ಅದ್ದದೆ ಒಳಗೆ ಬರುವಂತಿಲ್ಲ. ಎರಡೇ ವಾರದಲ್ಲಿ ಬೀಗರು ಬಿಜ್ಜರು ಬರುವುದನ್ನು ಬಿಟ್ಟರು. ಯಮನೂರಪ್ಪನವರು ಇದನ್ನೂ ಒಂದು ವಿಜಯವೆಂದೇ ಎಣಿಸಿದರು. ಊರವರು ಅವರಿಗೆ ಕ್ರಿಮಿಸಂಹಾರಿ ಎಂಬ ಬಿರುದು ಕೊಟ್ಟರು. ಅವರು ಅದನ್ನು ಹೊಗಳಿಕೆಯೆಂದು ಸ್ವೀಕರಿಸಿದರು. ಆ ಬೀದಿಯಲ್ಲಿ ವರ್ಷವಿಡೀ ಸೀನುತ್ತಿದ್ದವರು ಅವರೊಬ್ಬರೇ ಎಂಬುದನ್ನು ಮಾತ್ರ ಯಾರೂ ಅವರ ಎದುರಿಗೆ ಹೇಳಲಿಲ್ಲ.

ಯಾರೂ ಎಂದರೆ ತಪ್ಪಾದೀತು. ಪಕ್ಕದ ಮನೆಯ ಮೆಹಬೂಬಬೀ ಹೇಳಿದ್ದಳು. ಅವಳ ಅಂಗಳದಲ್ಲಿ ನಾಲ್ಕು ಆಡು, ಲೆಕ್ಕವಿಲ್ಲದಷ್ಟು ಕೋಳಿ, ಮಣ್ಣಲ್ಲಿ ಹೊರಳಿ ಎದ್ದು ಹಾಗೇ ರೊಟ್ಟಿ ಮುರಿಯುವ ಮೊಮ್ಮಕ್ಕಳು. ಒಂದು ದಿನ ಗೋಡೆಯ ಈಚೆಯಿಂದ ಯಮನೂರಪ್ಪನವರು ಗುಡುಗಿದರು: "ಇದು ಮನಿಯಲ್ಲಬೇ, ಸೂಕ್ಷ್ಮಾಣುಗಳ ರಾಜಧಾನಿ!"

"ಅದಕ್ಕ ನೋಡಣ್ಣಾ, ನಮ್ಮ ಕಡೆ ಮಂದಿ ಬರತಾರ. ನಿಮ್ಮ ಕಡೆ ನೊಣಾನೂ ಬರಂಗಿಲ್ಲ," ಎಂದಳು ಮೆಹಬೂಬಬೀ. "ನೀವು ಸೀನಿದ್ರ ನಮ್ಮ ಕೋಳಿ ಬೆದರತಾವು. ಸಾವಕಾಶ ಸೀನ್ರಿ."

ಅಂದಿನಿಂದ ಎರಡು ರಾಜ್ಯಗಳ ನಡುವೆ ಮಾತು ನಿಂತಿತು.

ಮನೆಯೊಳಗೆ ಯಮನೂರಪ್ಪನವರ ಕೈಗೆ ಸಿಗದ ಒಂದೇ ಒಂದು ಕೋಟೆಯಿತ್ತು. ಅದು ಅವರ ತಾಯಿ ಮುದಕಮ್ಮನ ಮೊಸರಿನ ಗಡಿಗೆ. ಎಂಬತ್ತೆರಡರ ಮುದುಕಿಗೆ ಹಲ್ಲಿಲ್ಲ. ಜೋಳದ ರೊಟ್ಟಿಯನ್ನು ಮೊಸರಲ್ಲಿ ನೆನೆಸದೆ ತುತ್ತು ಇಳಿಯುವುದಿಲ್ಲ. ಪಾಕೀಟಿನ ಮೊಸರಿಗೆ "ಸುಣ್ಣದ ನೀರು" ಎಂದು ಹೆಸರಿಟ್ಟು ದೂರ ತಳ್ಳಿದವಳು. ಆ ಗಡಿಗೆ ಬಿಸಿನೀರು ಬಿಸಿಲು ಬಿಟ್ಟರೆ ಬೇರೇನೂ ಕಂಡಿರಲಿಲ್ಲ.

ಒಂದು ಗುರುವಾರ ಮುಂಜಾನೆ ಯಮನೂರಪ್ಪನವರ ಹೆಂಡತಿ ಹೇಮವ್ವ ನೆಲುವಿನಿಂದ ಗಡಿಗೆ ಇಳಿಸಿ ನೋಡಿದರೆ, ರಾತ್ರಿಯ ಹಾಲು ಹಾಲಾಗಿಯೇ ಇತ್ತು. ಹೆಪ್ಪು ಹಳತಾಯಿತೇನೋ ಎಂದು ಎದುರುಮನೆಯಿಂದ ಹೊಸದು ತಂದು ಹಾಕಿದಳು. ಶುಕ್ರವಾರವೂ ಹಾಲು. ಹಿಂದಿನ ಓಣಿಯಿಂದ ತಂದಳು. ಶನಿವಾರವೂ ಹಾಲು. ಬೀದಿಯ ಕೊನೆಯ ಮನೆಯಿಂದ ತಂದಳು. ಭಾನುವಾರವೂ ಹಾಲು, ಅದೂ ಎಷ್ಟು ಶುದ್ಧ ಹಾಲು! ಅಷ್ಟರಲ್ಲಿ ಓಣಿಯಲ್ಲಿ ಗುಸುಗುಸು ಎದ್ದಿತ್ತು: ಆ ಮನೆಗೆ ಹೆಪ್ಪು ಕೊಟ್ಟರೆ ನಮ್ಮ ಮನೆಯ ಮೊಸರೂ ಕೆಟ್ಟೀತು, ಕೊಡಬೇಡಿ.

ನಾಲ್ಕು ದಿನ ಚಹಾದಲ್ಲಿ ರೊಟ್ಟಿ ಅದ್ದಿ ತಿಂದ ಮುದಕಮ್ಮ ಸೀರೆ ನಾಲ್ಕು ಮಡಚಿ ಚೀಲಕ್ಕೆ ತುಂಬಿದಳು.

"ನಾಳೆ ಮುಂಜಾನಿ ಎಂಟರ ಬಸ್ಸಿಗೆ ತಾವರಗೇರಾಕ್ಕ ಹೊಂಟೀನಿ, ಮಗಳ ಮನಿಗೆ. ಅಲ್ಲಿ ಹಾಲು ಹೆಪ್ಪಗಟ್ಟತೈತಿ."

"ಯವ್ವಾ, ಎಷ್ಟ ದಿನಕ್ಕ?" ಎಂದರು ಯಮನೂರಪ್ಪನವರು.

"ನಾ ಸಾಯೋತನಕ."

ಯಮನೂರಪ್ಪನವರು ಕೈಯಲ್ಲಿದ್ದ ಫಿನಾಯಿಲಿನ ಬಾಟಲಿ ಕೆಳಗಿಟ್ಟರು. ತಂದೆ ಸತ್ತಾಗ ಅವರಿಗೆ ಐದು ವರ್ಷ. ಕಂಡವರ ಹೊಲದಲ್ಲಿ ಕಳೆ ಕಿತ್ತು ಸಾಲಿ ಓದಿಸಿದ ತಾಯಿ. ಅವಳ ಬೈಗುಳ ಕೇಳದೆ ಒಂದು ಹೊತ್ತಿನ ಊಟವೂ ಅವರಿಗೆ ರುಚಿಸುತ್ತಿರಲಿಲ್ಲ. ಕ್ರಿಮಿಸಂಹಾರಿಯ ತಾಯಿ ಉಪವಾಸ ಬಿದ್ದು ಮನೆ ಬಿಟ್ಟಳೆಂದರೆ ಊರಲ್ಲಿ ತಲೆ ಎತ್ತುವುದು ಆಮೇಲಿನ ಮಾತು, ಮನೆಯಲ್ಲಿ ಉಣ್ಣುವುದು ಹೇಗೆ?

ಹೇಮವ್ವ ತಲೆಗೆ ಕೈ ಹಚ್ಚಿ ಕೂತಿದ್ದಳು. "ಎಮ್ಮಿ ಛಲೋ ಐತಿ, ಹಾಲು ಛಲೋ ಐತಿ, ಹೆಪ್ಪ ಛಲೋ ಐತಿ. ಯಾರ ಕಣ್ಣು ಬಿತ್ತೋ ಏನೋ."

"ಕಣ್ಣು ಪಣ್ಣು ಏನಿಲ್ಲ," ಎಂದರು ಯಮನೂರಪ್ಪನವರು. ವೈಜ್ಞಾನಿಕ ಮನುಷ್ಯ, ಸುಮ್ಮನಿರಲಾಗಲಿಲ್ಲ. "ನನ್ನ ಕಡೆಯಿಂದಂತೂ ಏನೂ ತಪ್ಪಿಲ್ಲ. ಯಾರ್ಯಾರದೋ ಮನಿ ಹೆಪ್ಪ ಅಂತ, ನೀ ಹಾಕಿ ಮಲಗಿದ ಮ್ಯಾಲ ದಿನಾ ಆ ಹಾಲನ್ನ ಮತ್ತೊಮ್ಮೆ ಹತ್ತು ನಿಮಿಷ ಕುದಿಸೇ ಇಟ್ಟೀನಿ. ಬುಧವಾರ ಗಡಿಗೀನೂ ಬ್ಲೀಚಿಂಗ್ ನೀರಾಗ ನೆನಿ ಹಾಕಿ ತೊಳದೀನಿ. ಒಂದ ಸೂಕ್ಷ್ಮಾಣು ಉಳದಿದ್ರ ಕೇಳು!"

ಹೇಮವ್ವ ತಲೆಯ ಮೇಲಿನ ಕೈ ತೆಗೆದು ಗಂಡನನ್ನೇ ನೋಡಿದಳು.

"ಕುದಿಸಿದ್ರಿ?" ಎಂದಳು ಹೇಮವ್ವ. "ಹೆಪ್ಪ ಹಾಕಿದ ಹಾಲು?"

"ಲೇ ಯಮನೂರಾ," ಮುದಕಮ್ಮ ಚೀಲ ಕೆಳಗಿಟ್ಟಳು. "ಆ ದುರ್ಬೀನಿನ್ಯಾಗ ಗಟಾರ ನೋಡಿ ಬಂದಿ. ಮೊಸರು ನೋಡಿದ್ದೇನು?"

"ಇಲ್ಲ," ಎಂದರು ಕ್ರಿಮಿಸಂಹಾರಿ. ಹದಿನಾಲ್ಕು ವರ್ಷಗಳಲ್ಲಿ ಮೊದಲ ಬಾರಿ ಅವರ ಧ್ವನಿ ಇಷ್ಟು ಸಣ್ಣದಾಗಿತ್ತು.

"ಹೆಪ್ಪಿನ್ಯಾಗ ಇರೋದ ಜೀವಾ, ಹುಚ್ಚಾ! ಅದ ಅಲ್ಲೇನು ಹಾಲು ಮೊಸರು ಮಾಡೋದು? ದಿನಾ ಅದನ್ನ ಕುದಿಸಿ ಕುದಿಸಿ ಕೊಂದೀ. ಬಸ್ಸು ಎಂಟಕ್ಕ. ಏನ ಮಾಡತೀ ಮಾಡು."

ಸಂಜೆ ಗಂಟೆ ಐದೂವರೆ. ದೀಪ ಹಚ್ಚಿದ ಮೇಲೆ ಆ ಕಡೆ ಯಾರೂ ಮನೆಯಿಂದ ಹೆಪ್ಪು ಹೊರಗೆ ಕೊಡುವುದಿಲ್ಲ. ಓಣಿಯ ಮನೆಗಳೆಲ್ಲ ಬಾಗಿಲು ಹಾಕಿಕೊಂಡಿವೆ. ಉಳಿದದ್ದು ಒಂದೇ ಮನೆ. ಹೇಮವ್ವ ಪಕ್ಕದ ಗೋಡೆಯ ಕಡೆಗೆ ಗದ್ದ ಎತ್ತಿ ತೋರಿಸಿದಳು.

ಹತ್ತೇ ಹೆಜ್ಜೆಯ ದಾರಿ. ಲಂಕೆಗೆ ಹಾರಿದವನೂ ಇಷ್ಟು ಯೋಚಿಸಿರಲಿಕ್ಕಿಲ್ಲ. ಯಮನೂರಪ್ಪನವರು ಕೋಳಿ ದಾಟಿ, ಹಿಕ್ಕೆ ದಾಟಿ, ಮೆಹಬೂಬಬೀ ಕೂತಿದ್ದ ಹಗ್ಗದ ಹೊರಸಿನ ಮುಂದೆ ನಿಂತರು.

"ಬೀ... ಸ್ವಲ್ಪ ಹೆಪ್ಪ ಬೇಕಾಗಿತ್ತು."

"ಯಾ ಅಲ್ಲಾ! ರಾಜಧಾನಿಗೆ ರಾಜರು ಬಂದಾರ!" ಮೆಹಬೂಬಬೀ ಸೆರಗು ಸರಿಮಾಡಿಕೊಂಡಳು. "ಕೊಡತೀನಿ. ಮೊದಲ ಕೂಡ್ರಿ. ಮಜ್ಜಿಗಿ ಕುಡೀರಿ. ಬಾಯಾರಿ ಬಂದವ್ರಿಗೆ ಹಂಗ ಕಳಸಂಗಿಲ್ಲ ನಾವು."

"ಹೊತ್ತು ಮುಣಗಾಕ ಹತ್ತೈತಿ..."

"ಅದಕ್ಕ ಲಗೂನ ಕುಡೀರಿ."

ಲೋಟ ಬಂತು. ಯಮನೂರಪ್ಪನವರು ಅದರೊಳಗೆ ನೋಡಿದರು. ಬರಿಗಣ್ಣಿಗೆ ಬರೀ ಬೆಳ್ಳಗೆ ಕಂಡಿತು. ಆದರೆ ಅವರ ಒಳಗಣ್ಣಿಗೆ ಕೊಪ್ಪಳದಿಂದ ಕುಷ್ಟಗಿಯವರೆಗೆ ಸಾಲಾಗಿ ನಿಂತ ಅಕ್ಷೌಹಿಣಿ ಸೈನ್ಯ ಕಂಡಿತು. ಆಡೊಂದು ಬಂದು ಅವರ ಎಡಗೈ ನೆಕ್ಕಿತು. ಪಡುವಣದಲ್ಲಿ ಸೂರ್ಯ ಒಂದು ಬೆರಳಷ್ಟು ಉಳಿದಿದ್ದ. ಯಮನೂರಪ್ಪನವರು ಕಣ್ಣು ಮುಚ್ಚಿ, ತಾಯಿಯನ್ನು ನೆನೆದು, ಗಟಗಟ ಕುಡಿದರು. ಹಸಿಮೆಣಸಿನಕಾಯಿ, ಕೊತ್ತಂಬರಿ, ಉಪ್ಪು. ಲೋಟ ಮತ್ತೆ ಮುಂದೆ ಚಾಚಿದರು.

"ಇನ್ನೊಂದೀಟು ಐತೇನು?"

ಮೆಹಬೂಬಬೀ ನಕ್ಕು ಹೊರಸಿನ ಮೇಲೆ ಹೊರಳಿದಳು. ಹೋಗುವಾಗ ಹೆಪ್ಪಿನ ಜೊತೆ ತನ್ನ ಗಡಿಗೆಯನ್ನೂ ಕೊಟ್ಟಳು. "ನಿಮ್ಮದರಾಗ ಹಾಕಬ್ಯಾಡ್ರಿ. ಬ್ಲೀಚಿಂಗ್ ಕುಡದು ಸತ್ತೈತಿ ಅದು."

ಅವರು ಹೊಸ್ತಿಲು ದಾಟಿದಾಗ ಹೇಮವ್ವ ದೀಪ ಹಚ್ಚಲು ಕಡ್ಡಿ ಹಿಡಿದು ಕಾಯುತ್ತಿದ್ದಳು.

ಸೋಮವಾರ ಏಳು ಗಂಟೆಗೆ ಗಡಿಗೆ ಇಳಿಯಿತು. ಮುದಕಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಓರೆ ಮಾಡಿದಳು. ಯಮನೂರಪ್ಪನವರು ಕತ್ತು ಚಾಚಿದರು. ಮೊಸರು ಕದಲಲಿಲ್ಲ! ಇನ್ನಷ್ಟು ಓರೆ ಮಾಡಿದಳು. ಕಲ್ಲಿನ ಹಾಗೆ ಕೂತಿತ್ತು. ಮುದುಕಿ ಎರಡು ರೊಟ್ಟಿ ಮುರಿದು ನೆನೆಸಿ ಉಂಡಳು. ಎಂಟಕ್ಕೆ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಅವಳು ಬೆರಳು ನೆಕ್ಕುತ್ತ ಕೂತಲ್ಲೇ ಕೂತಳು.

"ಇರತೀನಿ," ಎಂದಳು. "ಆದ್ರ ಇನ್ನ ಹೆಪ್ಪ ಹಾಕೋ ಚಾಕರಿ ನಿಂದು."

ಯಮನೂರಪ್ಪನವರು ಊಟಕ್ಕೆ ಮುಂಚೆ ಕೈ ತೊಳೆಯುವುದನ್ನು ಬಿಡಲಿಲ್ಲ, ಕುಡಿಯುವ ನೀರು ಕಾಯಿಸುವುದನ್ನೂ ಬಿಡಲಿಲ್ಲ, ಬಿಡಲೂಬಾರದು. ಹೊಸ್ತಿಲ ಬೋಗುಣಿ ಮಾತ್ರ ಎಮ್ಮೆಗೆ ನೀರು ಕುಡಿಸಲು ಹೋಯಿತು. ಸಂಜೆಯಾದರೆ ಹಾಲು ಉಗುರುಬೆಚ್ಚಗಾಗಿದೆಯೇ ಎಂದು ಕಿರುಬೆರಳಿನಿಂದ ಮುಟ್ಟಿ ನೋಡಿ, ಒಂದು ಚಮಚ ಹೆಪ್ಪು ಬಿಟ್ಟು, ಮುಚ್ಚುವ ಮೊದಲು ಗಡಿಗೆಯ ಬಾಯಿಗೆ ಬಾಯಿ ತಂದು ಮೆಲ್ಲಗೆ ಹೇಳುತ್ತಾರೆ:

"ಚಂದಂಗ ಕೆಲಸ ಮಾಡ್ರಪಾ. ಮುದುಕಿ ಮುಂಜಾನಿ ಓರೆ ಮಾಡಿ ನೋಡತಾಳ."