ಶಿರಾ ಪೇಟೆಯ ಲಂಡನ್

ಮಧುಗಿರಿಯಲ್ಲಿ ಹಳೆಯ ಕಾರುಗಳ ಪ್ರದರ್ಶನ ನಡೆದಾಗ ಆ ಫಲಕ ಓದಿ ನನಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ‘ಮಹಾರಾಜರೊಬ್ಬರಿಗಾಗಿ ಲಂಡನ್ನಿನಲ್ಲಿ ಚಿನ್ನದ ಲೇಪನ ಪಡೆದ ಅಪರೂಪದ ಕಾರು’ ಎಂದು ಬರೆದಿತ್ತು. ಆ ಲಂಡನ್ ಇರುವುದು ಶಿರಾ ಪೇಟೆಯಲ್ಲಿ. ಅದು ನಮ್ಮ ಅಬ್ಬಾನ ಗಿಲೀಟು ಅಂಗಡಿ.

ಗುಡಿಯ ಕಳಶ, ದರ್ಗಾದ ಚಂದ್ರ, ಮದುಮಗಳ ಸರ, ಏನೇ ಬರಲಿ, ಅದಕ್ಕೆ ಬಂಗಾರದ ಮೆರುಗು ಹಾಕುವುದು ಅಬ್ಬಾನ ಕಸುಬು. ಪಾವಗಡದ ಕಡೆ ಸೋಲಾರ್ ಕಂಪನಿಗೆ ಜಮೀನು ಗುತ್ತಿಗೆ ಕೊಟ್ಟು ಕೂತು ತಿನ್ನುವ ಸಾಹುಕಾರರೊಬ್ಬರು, ಬುಕ್ಕಾಪಟ್ಟಣದ ಯಾರದೋ ಹಿತ್ತಲಲ್ಲಿ ಬಿದ್ದಿದ್ದ ಕಾರೊಂದನ್ನು ತಂದು ನಮ್ಮ ಬಾಗಿಲಲ್ಲಿ ಇಳಿಸಿದ್ದರು. ಅದರ ಹಿಂದಿನ ಸೀಟಿನಲ್ಲಿ ಕೂತವರು ಮಹಾರಾಜರಲ್ಲ, ಮೊಟ್ಟೆ ಇಡುವ ಕೋಳಿಗಳು. ಅಬ್ಬಾ ಬಂಪರು, ಹಿಡಿಕೆ, ದೀಪದ ಬಳೆ ಒಂದೊಂದನ್ನೇ ಬಿಚ್ಚಿ ತಿಂಗಳುಗಟ್ಟಲೆ ದುಡಿದರು. ಕಣ್ಣು ಮಂಜಾಗುತ್ತಿದೆ, ಇದೇ ನನ್ನ ಕಡೆಯ ದೊಡ್ಡ ಕೆಲಸ ಅಂದಿದ್ದರು. ನಾಲ್ಕು ಜನರ ಎದುರು ಸಾಹುಕಾರರು ‘ಇದು ಇವರ ಕೆಲಸ’ ಎಂದು ತಮ್ಮತ್ತ ಕೈ ತೋರಿಸಿಯಾರು ಎಂಬ ಆಸೆಯಿಂದಲೇ ಇಸ್ತ್ರಿ ಬಟ್ಟೆ ತೊಟ್ಟು ನನ್ನೊಂದಿಗೆ ಮಧುಗಿರಿಗೆ ಬಂದಿದ್ದರು.

ಸಾಹುಕಾರರು ಅಬ್ಬಾನ ಮುಖ ಕಂಡೇ ಇಲ್ಲದವರಂತೆ, “ಮುಟ್ಬ್ಯಾಡ್ರಿ, ದೂರ ನಿಂತ್ಕಳಿ” ಅಂದರು. ಅವರ ಮನೆಗೆಲಸದ ಹೆಂಗಸು ಹಬ್ಬಕ್ಕೆ ಹಿತ್ತಾಳೆ ಬಿಂದಿಗೆ ಬೆಳಗುವ ಹಾಗೆ ಹುಣಸೆಹಣ್ಣು, ಇಟ್ಟಿಗೆಪುಡಿ ಹಚ್ಚಿ ಬಂಪರು ತಿಕ್ಕುತ್ತಿದ್ದಳು. ಅಬ್ಬಾನಿಗೆ ತಡೆಯಲಾಗಲಿಲ್ಲ.

“ಅರೆ, ಬುಡಮ್ಮ! ಬಂಗಾರ ಎದ್ದೋಯ್ತದೆ. ಒದ್ದೆ ಬಟ್ಟೆ ಸಾಕು.”

“ಲಂಡನ್ ಕೆಲ್ಸ ಕಣಯ್ಯ ಇದು, ನಿಂಗೇನ್ ಗೊತ್ತು?” ಅಂದರು ಸಾಹುಕಾರರು.

ಜನ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಹೇಳಿಬಿಡಿ ಎಂದು ಅಬ್ಬಾನ ತೋಳು ಜಗ್ಗಿದೆ. ಅವರು ನನ್ನ ಕೈ ಬಿಡಿಸಿಕೊಂಡರು. ಗಿರಾಕಿಯ ಮರ್ಯಾದೆಯನ್ನು ನಾಲ್ಕು ಜನರೆದುರು ಕಳೆಯಬಾರದಂತೆ. ಗಿರಾಕಿಗೆ ಮರ್ಯಾದೆ ಅನ್ನುವುದು ಇದ್ದರಲ್ಲವೇ ಕಳೆಯುವುದು!

ಕೆಲವೇ ತಿಂಗಳಲ್ಲಿ ಬಂಪರಿನ ಬಂಗಾರ ಸವೆದು ಕೆಳಗಿನ ಬಿಳಿ ಲೋಹ ಕಾಣಿಸಿತು. ಸಾಹುಕಾರರು ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು.

“ಇನ್ನೊಂದ್ಸಲ ಹಾಕ್ಕೊಡಿ ಸಾಬ್ರೆ.”

“ಹಾಕ್ತೀನಿ. ಬೋರ್ಡಲ್ಲಿ ಶಿರಾ ಅಂತ ಬರೆಸಿ. ನನ್ನ ಹೆಸ್ರು ಬ್ಯಾಡ, ಊರಿಂದು ಸಾಕು” ಅಂದರು ಅಬ್ಬಾ.

ಸಾಹುಕಾರರು ಗೋಣಿ ಎತ್ತಿಕೊಂಡು ಹೊರಟರು.

ಈಗ ಪ್ರದರ್ಶನಗಳಲ್ಲಿ ಆ ಬೋಳು ಬಂಪರಿನ ಪಕ್ಕ ಇನ್ನೊಂದು ಫಲಕ ಬಂದಿದೆ: ‘ಮಹಾರಾಜರ ಕೈ ತಾಕಿ ಸವೆದ ಜಾಗ’. ಜನ ಅದಕ್ಕೆ ಕೈಮುಗಿದು ಫೋಟೋ ತೆಗೆಸಿಕೊಳ್ಳುವುದನ್ನು ನಾನೇ ಕಣ್ಣಾರೆ ಕಂಡೆ. ಹೆಂಗೈತೆ ಕಾರು ಎಂದು ಕಣ್ಣು ಪೂರಾ ಮಂಜಾದ ಅಬ್ಬಾ ಆಗಾಗ ಕೇಳುತ್ತಾರೆ. ಹೊಳೀತಾ ಐತೆ ಅನ್ನುತ್ತೇನೆ.