ಗ್ಯಾರೇಜಿನ ಮಾತು, ವಾರ್ಡಿನ ಮಾತು

ಬೀದಿಯವರಿಗೆಲ್ಲ ಆಕೆ ಟೈಲರಕ್ಕ. ಗಂಟಲು ದೊಡ್ಡದು, ನಾಲಿಗೆ ಕತ್ತರಿಗಿಂತ ಚೂಪು. ಅಂಥವಳ ಮನೆಗೆ ಮಕ್ಕಳ ಇಲಾಖೆಯವರು ತುಟಿ ಪಿಟಕ್ಕೆನ್ನದ ಆರು ವರ್ಷದ ಹುಡುಗಿಯನ್ನು ತಂದುಬಿಟ್ಟರು. ತಾಯಿ ಇದ್ದದ್ದು ಮಕ್ಕಳನ್ನು ಒಳಗೆ ಬಿಡದ ಆಸ್ಪತ್ರೆಯಲ್ಲಿ. ಆಕೆ ಗುಣವಾಗುವವರೆಗೆ ಅಕ್ಕ ಸಾಕಬೇಕು. ಹುಡುಗಿಗೆ ಬರುತ್ತಿದ್ದದ್ದು ತಾಯಿಯ ಭಾಷೆ ಮಾತ್ರ. ಅದರ ಗಂಧಗಾಳಿಯೂ ಅಕ್ಕನಿಗಿಲ್ಲ. ಹುಡುಗಿಗೆ ಗುಬ್ಬಿ ಎಂದು ಹೆಸರಿಟ್ಟು, ಒಬ್ಬಳೇ ಇಬ್ಬರ ಮಾತನ್ನೂ ಆಡಿದಳು.

ಸ್ಕೂಲಿಗೆ ಸೇರಿದ ಮೇಲೆ ಗುಬ್ಬಿ ಅಕ್ಕನ ಭಾಷೆಯನ್ನು ಪಟಪಟನೆ ಕಲಿತಳು. ಒಂದು ದಿನ ಹೊಲಿಗೆ ಮೆಷಿನ್ನಿನ ಪಕ್ಕ ಕೂತು ಕೇಳಿದಳು: "ಅಕ್ಕಾ, ಕತ್ತರಿಗೆ ನಮ್ಮಮ್ಮ ಏನಂತಿದ್ಲು? ಮರ್ತೇ ಹೋಯ್ತು."

ಅಕ್ಕ ಮೆಷಿನ್ ನಿಲ್ಲಿಸಿದಳು. ನಾಳೆ ಹೆತ್ತವಳು ಬಂದಾಗ ಈ ಮಗು ಪಿಳಿಪಿಳಿ ಕಣ್ಣು ಬಿಟ್ಟು ನಿಂತರೆ ಏನು ಗತಿ?

ಆ ಭಾಷೆ ಬಲ್ಲವನು ಬೀದಿಗೆಲ್ಲ ಒಬ್ಬನೇ, ಎದುರು ಗ್ಯಾರೇಜಿನ ಮೆಕ್ಯಾನಿಕ್. ಅಕ್ಕ ಅವನ ಬೆನ್ನು ಬಿದ್ದಳು. ದಿನಾ ಸಂಜೆ ಇಬ್ಬರೂ ಅಲ್ಲಿ ಹಾಜರು. ಅವನು ಕೆಲಸದವರ ಮೇಲೆ ತನ್ನ ಭಾಷೆಯಲ್ಲೇ ರೇಗುತ್ತಾ ಇವರಿಗೂ ಕಲಿಸಿದ. ಮನೆಗೆ ಬಂದು ಕಾಜ, ಗುಂಡಿ ಹೊಲಿಯುವಾಗಲೂ ಅದೇ ಭಾಷೆ. ಅಕ್ಕ ಎಡವಟ್ಟು ಮಾಡಿದಾಗಲೆಲ್ಲ ಗುಬ್ಬಿ ಬಿದ್ದು ಬಿದ್ದು ನಗುತ್ತಿದ್ದಳು.

ಎರಡು ವರ್ಷದ ಮೇಲೆ ತಾಯಿ ಬಂದು ಬಾಗಿಲಲ್ಲಿ ನಿಂತಳು. ಗುಬ್ಬಿ ಕುರ್ಚಿ ಎಳೆದು, ತಾಯಿಯ ಭಾಷೆಯಲ್ಲೇ ಗದರಿದಳು: "ಏಯ್, ಬಾರಲೇ ಈ ಕಡೆ! ಎಲ್ಲಾ ರಿಪೇರಿ ಆಯ್ತಾ?"

ತಾಯಿ ತಬ್ಬಿಬ್ಬಾದಳು. ಮಗಳನ್ನು ಬಾಚಿ ತಬ್ಬಿಕೊಂಡು, ಅಕ್ಕನ ಭಾಷೆಯಲ್ಲಿ ನಿಧಾನವಾಗಿ ಕೇಳಿದಳು: "ಹೊಟ್ಟೆಗೆ ಏನಾದ್ರೂ ತಗೊಂಡ್ರಾ? ನಿದ್ದೆ ಸರಿಯಾಗಿ ಬಂತಾ? ಗಾಬರಿ ಆಗ್ಬೇಡಿ."

ಮಗಳು ತನ್ನ ಭಾಷೆ ಮರೆತಿರುತ್ತಾಳೆಂದು ಹೆದರಿ, ಆಕೆಯೂ ಮಲಗಿದಲ್ಲೇ ನರ್ಸುಗಳಿಂದ ಈ ಭಾಷೆ ಕಲಿತಿದ್ದಳು! ಹೆತ್ತ ಮಗಳಿಗೆ ಪೇಷಂಟಿನ ಮರ್ಯಾದೆ. ಅಕ್ಕ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಆ ಮೆಕ್ಯಾನಿಕ್ಕಿಗೂ, ಮುಖವನ್ನೇ ಕಾಣದ ಆ ನರ್ಸುಗಳಿಗೂ ಮನಸ್ಸಿನಲ್ಲೇ ಕೈಮುಗಿದಳು. ಅವರಿಲ್ಲದಿದ್ದರೆ ಈ ತಾಯಿ ಮಗಳು ಇವತ್ತು ಅಪರಿಚಿತರ ಹಾಗೆ ನಿಂತಿರುತ್ತಿದ್ದರು.

ಸಂಜೆ ಗುಬ್ಬಿ ಚೀಲ ಹೆಗಲಿಗೇರಿಸಿದಾಗ ಅಕ್ಕ ಅದರ ಪಟ್ಟಿಯನ್ನು ಎರಡೆರಡು ಸಲ ಸರಿಮಾಡಿದಳು.

ತಾಯಿ ಎರಡೂ ಕೈಯಲ್ಲಿ ಅಕ್ಕನ ಕೈ ಹಿಡಿದಳು. ಮನೆಗೆ ಕರೆಯುವುದಕ್ಕೆ ಅವಳ ಬಳಿ ಇದ್ದ ಮಾತು ಅದೊಂದೇ: "ಮರೀಬೇಡಿ. ತಿಂಗಳಿಗೊಂದ್ಸಲ ಬಂದು ತೋರಿಸ್ಕೊಂಡು ಹೋಗಿ."

ಅಕ್ಕ ಇಲ್ಲಿಯವರೆಗೆ ಒಂದು ತಿಂಗಳೂ ತಪ್ಪಿಸಿಲ್ಲ.