ಕಾಂಡ್ಲಾ ಕಾಡಿನ ಕೆಸರು

ಹರಿಹರದಲ್ಲಿ ಹುಟ್ಟಿದವರಿಗೆ ಹೊಳೆಯ ಬಗ್ಗೆ ಬುದ್ಧಿ ಹೇಳಬಾರದು. ಹೇಳಿದರೂ ಕೇಳುವುದಿಲ್ಲ. ನನ್ನ ಗಂಡನೂ ಹಾಗೆಯೇ. ತುಂಗಭದ್ರೆಯಲ್ಲಿ ಈಜಿ ಬೆಳೆದವರು, ಆಮೇಲೆ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದವರು. ಕೆಸರು ತುಳಿದವರಲ್ಲ. ಗದ್ದೆ ಕೆಸರೆಲ್ಲ ಲೋಕಿಕೆರೆಯಲ್ಲಿ ಹುಟ್ಟಿದ ನನ್ನ ಪಾಲಿಗೆ.

ತೊಂಬತ್ತೆಂಟರ ಸುಮಾರಿಗೆ ಅಳಿಯನಿಗೆ ಹೊನ್ನಾವರಕ್ಕೆ ವರ್ಗವಾಗಿತ್ತು. ಮಗಳನ್ನು ನೋಡಲು ಹೋದೆವು. ಹೊಳೆ ಸಮುದ್ರ ಸೇರುವ ಕಡೆ ಕಾಂಡ್ಲಾ ಕಾಡಿದೆ, ನೋಡಿ ಬನ್ನಿ ಎಂದು ನಮ್ಮಿಬ್ಬರನ್ನು ದೋಣಿ ಹತ್ತಿಸಿದಳು. ಉಪ್ಪುನೀರಿನಲ್ಲೇ ನಿಂತ ಮರಗಳು, ಬೇರುಗಳೆಲ್ಲ ಹೊರಗೆ. ಬೇರಿನ ಸಂದಿಯಲ್ಲಿ ಕೆಂಪು ಏಡಿಗಳು. ಕೆಸರಿನ ಮೇಲೆ ಕುಪ್ಪಳಿಸುವ ಮೀನು. ಮೀನೇ ನೀರು ಬಿಟ್ಟು ಕುಪ್ಪಳಿಸುವ ಜಾಗದಲ್ಲಿ ಹುಷಾರಾಗಿರಬೇಕು ಎಂದು ನನಗೆ ಆಗಲೇ ಅನ್ನಿಸಿತು.

ಕೆಸರು ದಿಬ್ಬದ ಮೇಲೆ ಎರಡು ನೀರುನಾಯಿ ಕಂಡವು. ಹತ್ತಿರದಿಂದ ನೋಡಬೇಕೆಂದು ಇವರು ದೋಣಿಯಿಂದ ಕಾಲು ಕೆಳಗಿಟ್ಟರು.

“ಇಳೀಬೇಡಿ, ಉಬ್ಬರ ಶುರುವಾಗಿದೆ. ನೀರು ಏರ್ತದೆ,” ದೋಣಿಯವನು ಕೂಗಿದ.

“ಮಳಿ ಇಲ್ಲ ಏನಿಲ್ಲ, ನೀರು ಹೆಂಗೋ ಏರ್ತೈತೆ? ಹೊಳಿ ಎಲ್ಲಾದ್ರೂ ಹಿಂದಕ್ಕ ಹರಿತೈತೇನು?” ಎಂದು ಇವರು ನಡೆದೇಬಿಟ್ಟರು.

ನಾಲ್ಕಾರು ಹೆಜ್ಜೆ, ಅಷ್ಟೆ. ಮೊಣಕಾಲವರೆಗೆ ಹೂತರು. ಒಂದು ಕಾಲು ಎತ್ತಿದರೆ ಇನ್ನೊಂದು ಇನ್ನೂ ಆಳಕ್ಕೆ. ನೀರು ಸದ್ದಿಲ್ಲದೆ ಸುತ್ತ ಬಂತು. ದೋಣಿಯವನು ದೋಣಿ ನೂಕುವ ಬಿದಿರು ಜಲ್ಲೆ ಚಾಚಿದ. ಇವರು ಅದನ್ನು ಹಿಡಿದು ಜಗ್ಗಿದರು, ತೊಡೆಯವರೆಗೆ ಹೋದರು, ದೋಣಿಯೂ ವಾಲಿತು. “ನಾನಿಳಿದ್ರೆ ದೋಣಿ ಹಿಡಿಯೋರಿಲ್ಲ ಅಮ್ಮಾ,” ಎಂದ ಅವನು.

ಗದ್ದೆಯಲ್ಲಿ ಎತ್ತು ಹೂತಾಗ ನಮ್ಮಪ್ಪ ಮಾಡುತ್ತಿದ್ದದ್ದು ನೆನಪಿತ್ತು. ಮೇಲಕ್ಕೆ ಎಳೆಯುತ್ತಿರಲಿಲ್ಲ. ಮಗ್ಗುಲಿಗೆ ಕೆಡವುತ್ತಿದ್ದ. ಆಗ ಕೆಸರು ಕಾಲು ಬಿಡುತ್ತದೆ.

“ರೀ, ಜಗ್ಗಬ್ಯಾಡ್ರಿ! ಮಗ್ಗುಲಾಗಿ ಬೀಳ್ರಿ!”

“ಈ ಕೆಸರಾಗಾ? ಹೊಸಾ ಧೋತ್ರ ಐತಲ್ಲೇ!”

“ಹಂಗೇ ನಿಂತ್ರ ಅದನ್ನೇ ಉಡಿಸಿ ಕುಣಿಯಾಗ ಕೂಡಿಸ್ತೀವಿ. ಬೀಳ್ರಿ ಅಂದ್ರ!”

ದೋಣಿಯವನು ನಕ್ಕುಬಿಟ್ಟ. ನಾನು ನಗಲಿಲ್ಲ. ನೀರು ಧೋತ್ರದ ಗಂಟು ಮುಟ್ಟಿತ್ತು.

ಕೊರಳ ಲಿಂಗವನ್ನು ಒಂದು ಕೈಯಲ್ಲಿ ಅದುಮಿ ಹಿಡಿದು ಬಿದ್ದರು. ಮುಖ ಮುಳುಗಿತು, ಮತ್ತೆ ಕಂಡಿತು.

“ಕಾಲು ಅಲ್ಲಾಡಿಸ್ರಿ, ಮೆಲ್ಲಕ!”

ಒಂದು ಕಾಲು ಬಂತು, ಚಪ್ಪಲಿ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಇನ್ನೊಂದೂ ಬಂತು. ಜಲ್ಲೆ ಹಿಡಿಸಿ ದಿಮ್ಮಿ ಎಳೆದ ಹಾಗೆ ದೋಣಿಗೆ ಎಳೆದುಕೊಂಡೆವು. ದೋಣಿ ತಿರುಗುವಷ್ಟರಲ್ಲಿ ಅವರು ಹೂತಿದ್ದ ಜಾಗವೇ ಕಾಣಲಿಲ್ಲ.

ಊರಿಗೆ ಬಂದ ಮೇಲೆ ಯಾರು ಕೇಳಿದರೂ “ನೀರುನಾಯಿ ನೋಡಿದ್ವಿ” ಎಂದಷ್ಟೇ ಹೇಳುತ್ತಿದ್ದರು. ಧೋತ್ರ ಎಷ್ಟು ಒಗೆದರೂ ಬಿಳುಪಾಗಲಿಲ್ಲ. ಬಿಸಾಕು ಎಂದರು. ಬಿಸಾಕಲಿಲ್ಲ, ನೆಲ ಒರೆಸಲು ಇಟ್ಟುಕೊಂಡೆ. ಹರಿಹರದ ಹೊಳೆಯಲ್ಲಿ ಈಜಿದ ಕಥೆ ಅವರು ತೆಗೆದಾಗಲೆಲ್ಲ, ಅದನ್ನು ತಂದು ಅವರೆದುರಿಗೇ ಒರೆಸುತ್ತಿದ್ದೆ.